ಕತ್ತು ತಿರುಗಿಸದ ಫ್ಯಾನು

ಸಿಳ್ಳೆ ಮೇಸ್ತ್ರಿ ಸರಿಮಾಡಲಾಗದೆ ವಾಪಸು ಕಳಿಸಿದ ಸಾಮಾನು ಒಂದೂ ಇಲ್ಲ. ಇದನ್ನು ಅವನೇ ದಿನಕ್ಕೆರಡು ಸಲ ಹೇಳಿಕೊಳ್ಳುತ್ತಿದ್ದ, ಆದರೂ ನಿಜ. ಫ್ಯಾನು, ಇಸ್ತ್ರಿಪೆಟ್ಟಿಗೆ, ಬೀಗ, ಹೊಲಿಗೆ ಯಂತ್ರ, ಏನೇ ಕೊಡಿ, ಮೂವತ್ತು ವರ್ಷದಿಂದ ಓಣಿಯ ಮೂಲೆಯ ಅಂಗಡಿಯಲ್ಲಿ ಸಿಳ್ಳೆ ಹಾಕುತ್ತಾ ಸರಿಮಾಡಿ ಕೊಡುತ್ತಿದ್ದ. ಪುಂಡರ ಸಿಳ್ಳೆಯಲ್ಲ ಮತ್ತೆ. ಯಾರೂ ಕಲಿಸದ, ಎಲ್ಲೂ ಕೇಳಿರದ ಸಂಗೀತ ಅದು. ದಾರಿಹೋಕರು ಕೆಟ್ಟಿರದ ಕೊಡೆಯನ್ನು ಕೆಟ್ಟಿದೆಯೆಂದು ಕೊಟ್ಟು ನಿಂತುಬಿಡುತ್ತಿದ್ದರು.

ಆದರೆ ಕೈಗೆ ಕೆಲಸ ಬೇಕು. ಕುರ್ಚಿ ಹಾಕಿ ಕೂರಿಸಿ "ಎಲ್ಲಿ, ಒಂದು ಸಿಳ್ಳೆ ಹಾಕಿ" ಎಂದರೆ ಬರೀ ಗಾಳಿ ಬರುತ್ತಿತ್ತು.

ಊರಿನ ವಾದ್ಯವೃಂದದವರಿಗೆ ಇದೆಲ್ಲ ಗೊತ್ತಿರಲಿಲ್ಲ, ಪಾಪ. ಮೇಸ್ತ್ರಿಯ ಸಂಗೀತವನ್ನು ದೊಡ್ಡ ಸಭಾಂಗಣದಲ್ಲಿ ನುಡಿಸುತ್ತೇವೆಂದು ಅವರು ಒಪ್ಪಿಕೊಂಡುಬಿಟ್ಟರು. ವಾದಕರು ನಲವತ್ತೆರಡು ಜನ. ಕಾಗದದಲ್ಲಿ ಬರೆದುಕೊಡದಿದ್ದರೆ ಒಬ್ಬನೂ ಬೆರಳಾಡಿಸುವವನಲ್ಲ. ಮೇಸ್ತ್ರಿಗೋ ಸಂಗೀತದ ಬರಹದಲ್ಲಿ ಒಂದು ಚುಕ್ಕೆಯೂ ಗೊತ್ತಿಲ್ಲ. ಹಾಗಾಗಿ ಅವನನ್ನು ಒಬ್ಬ ಮೇಡಂ ಹತ್ತಿರ ಕಳಿಸಿದರು. ಒಂದು ಧಾಟಿ ಕೇಳಿ, ಪಿಟೀಲಿನವನಿಗೆಷ್ಟು, ಕೊಳಲಿನವಳಿಗೆಷ್ಟು, ನಗಾರಿಯವನು ಎಷ್ಟು ಹೊತ್ತು ಸುಮ್ಮನೆ ಕೂರಬೇಕು ಎಂದು ಪಾಲು ಹಂಚಿ ಬರೆಯುವುದೇ ಅವರ ಕೆಲಸ.

ಮೊದಲ ದಿನ ಮೇಡಂ ಮನೆಯಲ್ಲಿ ಎರಡು ಗಂಟೆ ಎದುರುಬದುರು ಕೂತರು. ಗಾಳಿ. ಸೋತು ಎದ್ದ ಮೇಸ್ತ್ರಿಗೆ ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ತಡೆಯಲಾರದೆ ಸ್ಪ್ಯಾನರ್ ಹಿಡಿದು ಒಳಗೆ ನುಗ್ಗಿದ, ಸಿಳ್ಳೆ ಶುರುವಾಯಿತು. ಮೇಡಂ ಕಾಗದ ಹಿಡಿದು ಓಡಿಬಂದು, ಬಕೆಟ್ಟು ಬೋರಲು ಹಾಕಿ ಕೂತು ಬರೆದರು. ಅಂದಿನಿಂದ ಅದೇ ಪದ್ಧತಿಯಾಯಿತು. ನಲ್ಲಿಯಿಂದ ಪಿಟೀಲಿನ ಭಾಗ ಹುಟ್ಟಿತು, ಬಾಗಿಲ ಕೀಲಿನಿಂದ ಕೊಳಲಿನ ಭಾಗ, ಇಸ್ತ್ರಿಪೆಟ್ಟಿಗೆಯಿಂದ ಟ್ರಂಪೆಟ್ಟಿನದು.

ಎರಡು ತಿಂಗಳಲ್ಲಿ ಮನೆಯಲ್ಲಿ ಕೆಟ್ಟದ್ದೇ ಉಳಿಯಲಿಲ್ಲ. ಅಕ್ಕಪಕ್ಕದ ಮನೆಯವೂ ಮುಗಿದವು. ಆಮೇಲೆ ಮೇಡಂ ತಾವೇ ಕೆಡಿಸತೊಡಗಿದರು. ಜನ್ಮದಲ್ಲಿ ಒಂದು ಲೋಟ ಕೈಜಾರಿಸದ ಹೆಂಗಸು, ಬೆಳಗಾಗೆದ್ದು ಸುತ್ತಿಗೆ ಹಿಡಿದು ಮನೆಯಿಡೀ ಓಡಾಡುವಂತಾಯಿತು. ಅವರ ತಂಗಿ ರೇಡಿಯೋವನ್ನು ಎದೆಗವಚಿಕೊಂಡು, "ಇದೊಂದು ಬಿಟ್ಬಿಡೇ ಅಕ್ಕ, ನಿನ್ ಕಾಲಿಗೆ ಬೀಳ್ತೀನಿ" ಎಂದಳು.

ಇಷ್ಟೆಲ್ಲ ಆದರೂ ಮುಕ್ತಾಯ ಸಿಗಲಿಲ್ಲ. ಸಾಮಾನು ಸರಿಹೋದ ಕ್ಷಣಕ್ಕೆ ಮೇಸ್ತ್ರಿಯ ಸಿಳ್ಳೆ ನಿಂತುಹೋಗುತ್ತಿತ್ತು, ಎಲ್ಲಿತ್ತೋ ಅಲ್ಲಿಗೇ. ಅವನ ಒಂದು ಹಾಡಿಗೂ ಕೊನೆಯೆಂಬುದೇ ಇರಲಿಲ್ಲ.

"ನಲವತ್ತೆರಡು ಜನ ಒಂದು ಕಾಲೆತ್ತಿ ನಿಂತ ಹಾಗಾಗುತ್ತೆ. ಶುಕ್ರವಾರದೊಳಗೆ ಮುಕ್ತಾಯ ಕೊಡಿ, ಇಲ್ಲ ಶನಿವಾರದ ಕಾರ್ಯಕ್ರಮ ಬಿಡಿ" ಎಂದ ವಾದ್ಯವೃಂದದ ಮುಖ್ಯಸ್ಥ.

ಮನೆಯಲ್ಲಿ ಮೇಸ್ತ್ರಿಯ ಹೆಂಡತಿ ಅದಕ್ಕಿಂತ ಮೆತ್ತಗೆ ಹೇಳಿದಳು. "ಇಪ್ಪತ್ತೆಂಟು ವರ್ಷದಿಂದ ಅರ್ಧಂಬರ್ಧ ಹಾಡು ಕೇಳ್ಕೊಂಡೇ ಸಂಸಾರ ಮಾಡಿದೀನಿ ಕಣ್ರೀ. ಸಾಯೋದ್ರೊಳಗೆ ಒಂದಾದ್ರೂ ಪೂರ್ತಿ ಕೇಳಿಸಿ." ಅವಳು ಎಂದೂ ಏನನ್ನೂ ಬೇಕೆಂದು ಕೇಳಿದವಳೇ ಅಲ್ಲ. ಮೇಸ್ತ್ರಿಗೆ ಅವತ್ತು ಊಟ ಸೇರಲಿಲ್ಲ.

"ನೀವೇ ನಾಲ್ಕು ಸಾಲು ಬರೆದು ಮುಗಿಸಿಬಿಡಿ ಮೇಡಂ" ಎಂದು ಬೇಡಿಕೊಂಡ.

"ನೀವು ಹಾಡಿದ್ದನ್ನ ಹಂಚೋದಷ್ಟೇ ನನ್ನ ಕೆಲಸ. ಇನ್ನೊಬ್ಬರ ಮಗುಗೆ ನಾನು ಕಾಲು ಅಂಟಿಸಲ್ಲ" ಎಂದರು ಮೇಡಂ.

ಶುಕ್ರವಾರ ಅವರು ಒಂದು ಟೇಬಲ್ ಫ್ಯಾನು ತಂದಿಟ್ಟರು. ತಿರುಗುತ್ತದೆ, ಗಾಳಿ ಬರುತ್ತದೆ, ಕತ್ತು ಮಾತ್ರ ತಿರುಗಿಸುವುದಿಲ್ಲ. ಮೇಸ್ತ್ರಿ ಸಿಳ್ಳೆ ಶುರುಮಾಡಿ ಹಿಂದಿನ ಡಬ್ಬಿ ಬಿಚ್ಚಿದ. ಒಳಗೆ ಒಂದು ಪುಟ್ಟ ಹಿತ್ತಾಳೆಯ ಹಲ್ಲುಚಕ್ರವೇ ಇರಲಿಲ್ಲ. ಸ್ಕ್ರೂವಿನ ತಲೆಯ ಮೇಲೆ ಹೊಸ ಗೀರುಗಳಿದ್ದವು. ಅಭ್ಯಾಸವಿಲ್ಲದ ಕೈ ಅಲ್ಲಿ ನಾಲ್ಕೈದು ಸಲ ಜಾರಿತ್ತು. ತಲೆಯೆತ್ತಿ ನೋಡಿದ. ಮೇಡಂ ಕಾಗದದ ಮೇಲಿಂದ ಕಣ್ಣೆತ್ತಲಿಲ್ಲ, ಕಿವಿ ಮಾತ್ರ ಕೆಂಪಾಗಿತ್ತು. ಸರಿಹೋಗದ ಸಾಮಾನು ಸಿಕ್ಕರೆ ಹಾಡು ಕೊನೆಮುಟ್ಟುತ್ತದೆಂದು ಅವರ ಲೆಕ್ಕ.

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷದ ಹೆಸರಿಗೆ ಮಸಿ ಬಳಿಯುವುದೇ? ಅಂಥ ಚಕ್ರ ಅವನ ತಗಡಿನ ಡಬ್ಬಿಯಲ್ಲೇ ಮೂರಿದ್ದವು. ಎರಡು ನಿಮಿಷದ ಕೆಲಸ. ಕೈ ತಾನಾಗಿಯೇ ಡಬ್ಬಿಗೆ ಹೋಯಿತು. ಆಮೇಲೆ ಹೆಂಡತಿಯ ಮುಖ ನೆನಪಾಯಿತು. ಕೈಯನ್ನು ವಾಪಸು ತಂದ.

ಮೂರು ಗಂಟೆ ಅವನು ಆ ಫ್ಯಾನನ್ನು ಬಿಚ್ಚಿದ, ಒರೆಸಿದ, ಎಣ್ಣೆ ಬಿಟ್ಟ, ಜೋಡಿಸಿದ, ಮತ್ತೆ ಬಿಚ್ಚಿದ. ಸಿಳ್ಳೆ ಇದುವರೆಗೆ ಹೋಗದ ಕಡೆಗೆಲ್ಲ ಹೋಯಿತು, ಹುಡುಕಿತು, ದಣಿಯಿತು, ಕೆಳಗಿಳಿದು ಇಳಿದು ಒಂದು ಸ್ವರದ ಮೇಲೆ ಬಂದು ಕೂತಿತು. ಮೇಸ್ತ್ರಿ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಇದು ನನ್ನ ಕೈಲಿ ಆಗಲ್ಲ ಮೇಡಂ" ಎಂದ. ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಮೇಡಂ ಬರೆಯುತ್ತಲೇ ಇದ್ದರು.

ಶನಿವಾರ ನಲವತ್ತೆರಡು ಜನ ಆ ಸ್ವರಕ್ಕೆ ಒಟ್ಟಿಗೆ ಬಂದು ಕೂತರು. ಇಡೀ ಸಭಾಂಗಣ ಎದ್ದು ನಿಂತಿತು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಹೊರಗೆ ಮೆಟ್ಟಿಲ ಮೇಲೆ ಮೇಡಂ ಕಾದಿದ್ದರು. "ಮೇಸ್ತ್ರಿ, ನಿಮಗೊಂದು ಮೋಸ ಮಾಡಿದೀನಿ."

"ಗೊತ್ತು. ನಾನೂ ಮಾಡಿದೀನಿ. ಚಕ್ರ ಎಲ್ಲಿ?"

ಅವರು ಕೈಚೀಲದಿಂದ ತೆಗೆದು ಕೊಟ್ಟರು. ಹೆಂಡತಿಯೂ ಸೇರಿ ಮೂವರೂ ನಡೆದುಕೊಂಡು ಮೇಡಂ ಮನೆಗೆ ಹೋದರು. ಮೇಸ್ತ್ರಿ ಒಳ್ಳೆಯ ಅಂಗಿಯ ತೋಳು ಮಡಚಿ ನೆಲದ ಮೇಲೆ ಕೂತು, ಡಬ್ಬಿ ಬಿಚ್ಚಿ, ಚಕ್ರ ಕೂರಿಸಿ ಸ್ಕ್ರೂ ಬಿಗಿದ. ಫ್ಯಾನು ಕತ್ತು ತಿರುಗಿಸಿ ಒಬ್ಬೊಬ್ಬರಿಗೂ ಗಾಳಿ ಬೀಸಿತು.

ಹೆಂಡತಿ ಅವನ ಬಾಯನ್ನೇ ನೋಡುತ್ತಿದ್ದಳು.

"ಏನ್ರೀ, ಸಿಳ್ಳೇನೇ ಹಾಕ್ಲಿಲ್ಲ?"

ಮೇಸ್ತ್ರಿ ತುಟಿ ಒದ್ದೆ ಮಾಡಿಕೊಂಡ. ಇನ್ನೊಮ್ಮೆ ಮಾಡಿಕೊಂಡು ಊದಿದ. ಬರೀ ಗಾಳಿ.

"ಅದು ಮುಗೀತಲ್ಲೇ" ಎಂದ.