ಎರಡು ಸುತ್ತು ಜಪ, ಒಂದು ಮೈಲಿ

ಮಕ್ಕಳೇ, ನಾನು ಚಿಕ್ಕವಳಿದ್ದಾಗ, ಒಂಬತ್ತು ವರ್ಷವಿರಬೇಕು, ನಮ್ಮ ಉಣಕಲ್ಲಿನ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಬೇಕೂ ಆಗಿರಲಿಲ್ಲ. ಅಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಗಿರಣಿಯ ಸೈರನ್ ಹುಬ್ಬಳ್ಳಿಯಲ್ಲಿ ಕೂಗಿದರೆ ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಮೊದಲ ಕೂಗಿಗೆ ಅವ್ವ ರೊಟ್ಟಿ ತಟ್ಟಲು ಕೂರುತ್ತಿದ್ದಳು, ಎರಡನೆಯದಕ್ಕೆ ನಾನು ಪಾಟಿಚೀಲ ಹೊತ್ತು ಓಡುತ್ತಿದ್ದೆ.

ಒಂದು ದಿನ ಗಿರಣಿ ಮುಚ್ಚಿತು. ಸೈರನ್ ನಿಂತಿತು. ಆಮೇಲೆ ಮನೆಯಲ್ಲಿ ಯಾರಿಗೂ ಎಲ್ಲಿ ಕೂರಬೇಕು, ಯಾವಾಗ ಏಳಬೇಕು ತಿಳಿಯದಂತಾಯಿತು. ಅಪ್ಪ ಬಾಗಿಲಿಗೂ ಬೀದಿಗೂ ಅಡ್ಡಾಡುತ್ತಿದ್ದ. ಮ್ಯಾಟ್ರಿಕ್ ಮುಗಿಸಿದ್ದ ಅಣ್ಣ ಕೆಲಸ ಕೇಳಿಕೊಂಡು ಪೇಟೆಯೆಲ್ಲ ತಿರುಗಿ ಬಂದ. ಮೂಟೆ ಹೊರುವ ಕೆಲಸಕ್ಕೂ ಗಿರಣಿಯಿಂದ ಹೊರಬಿದ್ದವರೇ ಸಾಲು ನಿಂತಿದ್ದರಂತೆ. ಅಷ್ಟರಲ್ಲಿ ಧಾರವಾಡದಲ್ಲಿ ಮಿಲಿಟರಿ ಭರ್ತಿ ನಡೆಯುತ್ತದೆಂಬ ಸುದ್ದಿ ಬಂತು. ದೇಶ ಕಾಯುವ ಮಾತನ್ನು ಅಣ್ಣ ಆಡಿದ್ದು ನನಗೆ ನೆನಪಿಲ್ಲ. "ಅಲ್ಲೆ ದಿನಾ ಹೊಟ್ಟಿ ತುಂಬ ಊಟಾ ಹಾಕ್ತಾರಬೇ, ಕಾಲಿಗೆ ಬೂಟ ಕೊಡ್ತಾರ" ಎಂದು ಅವ್ವನಿಗೆ ಹೇಳಿದ್ದು ಮಾತ್ರ ನೆನಪಿದೆ. ಅವ್ವ ಮರುದಿನದಿಂದ ಅವನಿಗೆ ನೆನೆಸಿದ ಕಡಲೆ ಇಡತೊಡಗಿದಳು.

ಭರ್ತಿಯಲ್ಲಿ ಆರು ನಿಮಿಷದೊಳಗೆ ಒಂದು ಮೈಲಿ ಓಡಬೇಕಿತ್ತು. ಓಣಿಯ ಮಾಸ್ತರರು ಸೈಕಲ್ ಗಾಲಿಯ ಸುತ್ತು ಎಣಿಸಿ, ನಮ್ಮೂರ ಕೆರೆಯ ದಂಡೆಯ ಮೇಲೆ ಹೋಗಿ ಬರುವ ಒಂದು ಮೈಲಿಯನ್ನು ಗುರುತು ಮಾಡಿಕೊಟ್ಟರು. ಆದರೆ ಕೈಗಡಿಯಾರ ಕಟ್ಟಿಕೊಂಡು ಅವರು ನಸುಕಿನ ಬಸ್ಸಿಗೇ ಹೋಗಿಬಿಡುತ್ತಿದ್ದರು. ನಿಮಿಷ ನೋಡುವುದು ಹೇಗೆ? ಅದಕ್ಕೆ ಅವ್ವ ದಿನಾ ಮಾಲೆ ಹಿಡಿದು ಜಪಿಸುತ್ತಿದ್ದ ಶಿವನೇ ಒದಗಿದ. ಒಂದು ರವಿವಾರ ಮಾಸ್ತರರು ಗಡಿಯಾರ ಹಿಡಿದು ನನ್ನಿಂದ 'ಓಂ ನಮಃ ಶಿವಾಯ' ಅನ್ನಿಸಿದರು. ರುದ್ರಾಕ್ಷಿ ಮಾಲೆಯ ನೂರೆಂಟು ಮಣಿ ಎರಡು ಸಲ ಮುಗಿಯುವಷ್ಟರಲ್ಲಿ ಸರಿಯಾಗಿ ಆರು ನಿಮಿಷ. "ನಮ್ಮ ತಂಗೀನ ನನಗ ಗಡಿಯಾರ! ಕೀಲಿ ಕೊಡೂದೂ ಬ್ಯಾಡ, ಬೆಲ್ಲಾ ಕೊಟ್ರ ನಡೀತೈತಿ" ಎಂದು ಅಣ್ಣ ನನ್ನ ಜಡೆ ಜಗ್ಗಿದ.

ಹೀಗೆ ದಿನಾ ನಸುಕಿನಲ್ಲಿ ತಣ್ಣನೆಯ ಕಲ್ಲಿನ ಮೇಲೆ ಕೂತು ನಾನು ಜಪ ಮಾಡುತ್ತಿದ್ದೆ. ನೀರಿನ ಮೇಲೆ ಮಂಜು, ಮೂಗಿಗೆ ಜೊಂಡಿನ ಹಸಿ ವಾಸನೆ, ಮಣ್ಣಿನ ಮೇಲೆ ಅಣ್ಣನ ಬರಿಗಾಲಿನ ದಪದಪ ಸದ್ದು. ಮೊದಲ ವಾರವೆಲ್ಲ ಅವನು ಬರುವ ಮುಂಚೆಯೇ ಮಾಲೆ ಮುಗಿಯುತ್ತಿತ್ತು. ಅವನು ನೆಲಕ್ಕೆ ಬಿದ್ದು ಏದುಸಿರು ಬಿಡುತ್ತ ನನ್ನ ಮುಖ ನೋಡುತ್ತಿದ್ದ. ಆ ಮುಖ ನೋಡಲಾರದೆ ಒಂದು ದಿನ ನಾನು 'ಓಂ' ಅನ್ನುವುದನ್ನು ಸ್ವಲ್ಪ ಎಳೆದೆ. ಅವತ್ತು ಇನ್ನೂ ನಾಲ್ಕು ಮಣಿ ಉಳಿದಿದ್ದಾಗ ಬಂದು ಮುಟ್ಟಿದ.

"ನಾಕು ಉಳದಾವಣ್ಣಾ!"

"ಖರೇನ?"

ಅವನು ನನ್ನನ್ನು ಎತ್ತಿ ಗಿರ್ರನೆ ತಿರುಗಿಸಿದ. ಆಮೇಲೆ ನಾನು ದಿನಾ ಒಂದಿಷ್ಟು ಹೆಚ್ಚು ಎಳೆದೆ. ಉಳಿದ ಮಣಿಗಳು ಆರಾದವು, ಹತ್ತಾದವು. ಅಪ್ಪ ಮತ್ತೆ ಮೀಸೆ ತಿರುವತೊಡಗಿದ. ನನಗೆ ಬೆಲ್ಲದ ಚೂರು ತಪ್ಪಲಿಲ್ಲ.

ಭರ್ತಿಯ ದಿನ ಅಪ್ಪನ ಜೊತೆ ನಾನೂ ಹಟ ಮಾಡಿ ಹೊರಟೆ. ಅವ್ವ ಅಣ್ಣನ ಹಣೆಗೆ ವಿಭೂತಿ ಹಚ್ಚಿ, ಮಾಲೆಯನ್ನು ನನ್ನ ಕೈಯಲ್ಲಿಟ್ಟಳು. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು, ಅದೊಂದು ಪುಣ್ಯ. ಅಣ್ಣ ಧಾರವಾಡ ಮುಟ್ಟುವವರೆಗೂ ಕಿಟಕಿಯಾಚೆಯ ಮೈಲಿಗಲ್ಲು ಎಣಿಸುತ್ತಲೇ ಇದ್ದ.

ಮೈದಾನದ ತುಂಬ ಹುಡುಗರು. ಅಷ್ಟು ಜನ ಅಣ್ಣಂದಿರನ್ನು ನಾನು ಒಂದೇ ಕಡೆ ಎಂದೂ ಕಂಡಿರಲಿಲ್ಲ. ಕೆಂಪು ಧೂಳು, ಬೆವರು, ಬಾಳೆಹಣ್ಣಿನ ಸಿಪ್ಪೆಯ ವಾಸನೆ. ತೂಕ ಸಾಲದವರು ಕಡೆಯ ಗಳಿಗೆಯಲ್ಲಿ ಡಜನ್‌ಗಟ್ಟಲೆ ಬಾಳೆಹಣ್ಣು ತಿಂದು ನೀರು ಕುಡಿಯುತ್ತಿದ್ದರು. ಒಂದೊಂದು ಗುಂಪನ್ನು ಓಡಿಸುತ್ತಿದ್ದರು. ಆರು ನಿಮಿಷ ಮುಗಿದ ಕೂಡಲೇ ಇಬ್ಬರು ಸಿಪಾಯಿಗಳು ಗೆರೆಯ ಮೇಲೆ ಹಗ್ಗ ಹಿಡಿದು ಅಡ್ಡ ನಿಲ್ಲುತ್ತಿದ್ದರು. ಒಳಗೆ ಬಂದವರು ಪಾಸು, ಹೊರಗುಳಿದವರು ಮನೆಗೆ.

ಅಣ್ಣನ ಗುಂಪು ಓಡಿದಾಗ ನಾನು ಮಾಲೆ ಹಿಡಿದೆ. ಅಷ್ಟು ಜನರ ನಡುವೆ, ಆ ಗದ್ದಲದಲ್ಲಿ, ದೇವರ ಹೆಸರನ್ನು ಎಳೆಯುವ ಧೈರ್ಯ ನನಗೆ ಬರಲಿಲ್ಲ. ಮಾಸ್ತರರ ಮುಂದೆ ಅಂದ ಹಾಗೆಯೇ ಅಂದೆ. ಎರಡನೆಯ ಸುತ್ತಿನ ಕೊನೆಯ ಮಣಿ ಬೆರಳಿಗೆ ತಾಗಿದಾಗ ಅಣ್ಣ ಇನ್ನೂ ದೂರದಲ್ಲಿದ್ದ. ಹಗ್ಗ ಅಡ್ಡ ಬರುವ ಮೊದಲೇ ನನಗೆ ಗೊತ್ತಾಗಿಹೋಯಿತು. ಅವನು ಓಡಿ ಬಂದು ಹಗ್ಗಕ್ಕೆ ಎದೆಯೊಡ್ಡಿ ನಿಂತ. ಸಿಪಾಯಿ ಹೆಗಲು ತಟ್ಟಿ ಆಚೆ ಹೋಗೆಂದು ಕೈ ತೋರಿಸಿದ.

ತಿರುಗಿ ಬರುವಾಗ ಬಸ್ಸಿನಲ್ಲಿ "ದಿನಾ ಲಗೂನ ಬರ್ತಿದ್ದೆ, ಇವತ್ತ ಏನಾತು?" ಎಂದು ಅಣ್ಣ ತನಗೆ ತಾನೇ ಕೇಳಿಕೊಳ್ಳುತ್ತಿದ್ದ. ಮನೆಯ ಹೊಸ್ತಿಲು ದಾಟಿದ್ದೇ ನಾನು ಅವ್ವನ ಸೆರಗಿನಲ್ಲಿ ಮುಖವಿಟ್ಟು ಎಲ್ಲ ಹೇಳಿಬಿಟ್ಟೆ. ಅಪ್ಪ ಕೈ ಎತ್ತಿದ. ಅಣ್ಣ ತಡೆದ. ನನ್ನ ಕಡೆ ತಿರುಗಿ ನಕ್ಕ.

"ಹಂಗಾರ ನಾ ಜೋರ್ ಓಡಿದ್ದಲ್ಲ ಬಿಡು. ನೀನ ಶಿವನ್ನ ಸಾವಕಾಶ ನಡಸೀದಿ!"

ಅವ್ವ ಮಾತ್ರ ನಗಲಿಲ್ಲ. ನನ್ನ ಗಲ್ಲ ಹಿಡಿದೆತ್ತಿ ಕೇಳಿದಳು: "ಅಂವಾ ಅಳ್ತಾನಂತ ಹಿಂಗ ಮಾಡಿದ್ಯೋ, ಮಿಲಿಟರಿಗೆ ಹೋಗಬಾರದಂತ ಮಾಡಿದ್ಯೋ?" ಮಕ್ಕಳೇ, ಅದು ನನಗೆ ಇವತ್ತಿಗೂ ತಿಳಿದಿಲ್ಲ.

ಮಾರನೆಯ ನಸುಕಿನಿಂದ ಅವ್ವನೇ ದಂಡೆಯ ಮೇಲೆ ಕೂತಳು. ಅಣ್ಣ ಹೋಗುವುದು ಬೇಡವೆಂದು ದೇವರಲ್ಲಿ ಎಲ್ಲರಿಗಿಂತ ಹೆಚ್ಚು ಬೇಡಿಕೊಂಡವಳು ಅವಳು. ಆದರೂ ಅವಳ ಜಪ ಒಂದು ಮಣಿಯಷ್ಟೂ ಹಿಂದೆ ಬೀಳಲಿಲ್ಲ, ಮುಂದೆ ಓಡಲಿಲ್ಲ. ಮುಂದಿನ ಭರ್ತಿಯಲ್ಲಿ ಅಣ್ಣ ಹಗ್ಗದೊಳಗೆ ಬಂದ. ಅವನು ಕಳಿಸಿದ ಸಂಬಳದಲ್ಲಿ ನಾನು ಸಾಲೆ ಕಲಿತೆ. ಗಡಿಯ ಹಿಮದಲ್ಲಿ ಎರಡು ಬೆರಳು ಕಳೆದುಕೊಂಡರೂ ಜೀವಂತ ಮನೆಗೆ ಬಂದ. ಅದಕ್ಕಿಂತ ದೊಡ್ಡ ದಯೆ ಇನ್ನೇನು ಕೇಳಲಿ?

ಈಗ ಅದೇ ಕೆರೆಯ ಸುತ್ತ ಕಲ್ಲು ಹಾಸಿದ ದಾರಿ, ಸಾಲು ದೀಪ. ನಿಮಗೆ ಒಬ್ಬೊಬ್ಬರಿಗೂ ಬೂಟು ಇದೆ, ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತೀರಿ, ಅದು ಕೇಳುವುದೇ ನನಗೊಂದು ಸಂತೋಷ. ಆದರೆ ನಿಮ್ಮ ದೊಡ್ಡಣ್ಣ ಐಟಿಐ ಮುಗಿಸಿ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಗೇಟುಗಳಿಗೆಲ್ಲ ಅಲೆದು, ಆರು ತಿಂಗಳಿನ ಗುತ್ತಿಗೆ ಕೆಲಸವೂ ಮುಗಿದು, ಈಗ ನಸುಕಿನಲ್ಲಿ ಓಡುತ್ತಿದ್ದಾನೆ. ಈಗಿನ ಭರ್ತಿ ನಾಲ್ಕು ವರ್ಷಕ್ಕಂತೆ. ಆಮೇಲೆ ಹೆಚ್ಚಿನವರು ಮರಳಿ ಬರಬೇಕಂತೆ. ಇಂದು ಬೆಳಿಗ್ಗೆ ಬೆವರು ಸುರಿಸುತ್ತ ಬಂದು ಮೊಬೈಲ್ ತೋರಿಸಿದ. "ಎಂಟು ಸೆಕೆಂಡ್ ಹೆಚ್ಚಾತು, ಅಜ್ಜಿ." ಅದೇನ ಹೆಚ್ಚಲ್ಲ ಬಿಡಪ್ಪಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ನಾಳೆ ಮತ್ತ ಓಡು" ಎಂದೆ.

ಅವನು ಸ್ನಾನಕ್ಕೆ ಹೋದ ಮೇಲೆ ದೇವರ ಮುಂದೆ ಕೂತೆ. ಆ ಎಂಟು ಸೆಕೆಂಡು ಕಡಿಮೆಯಾಗಲಿ ಎಂದು ಬೇಡಲೋ, ಹಾಗೇ ಇರಲಿ ಎಂದು ಬೇಡಲೋ ತಿಳಿಯಲಿಲ್ಲ. ಹುಡುಗನ ಕಾಲು ನೋಯದಿರಲಿ ಎಂದಷ್ಟೇ ಕೇಳಿಕೊಂಡು, ಎದ್ದು ರೊಟ್ಟಿ ತಟ್ಟಲು ಹೋದೆ.