ಬೀದಿ ಖಾಲಿ ಮಾಡಿದ ದಿನ

ನಮ್ಮ ಊರುಗಳನ್ನು ಉದ್ಧಾರ ಮಾಡಲು ಬರುವವರಲ್ಲಿ ಒಂದು ಗುಣ ಎಲ್ಲರಿಗೂ ಸಮಾನ. ಬಿಸಿಲೇರುವ ಮೊದಲು ಅವರು ಬರುವುದಿಲ್ಲ. ಹೈದರಾಬಾದ್ ಬಿಟ್ಟು, ಮಹಬೂಬನಗರದಲ್ಲಿ ನಿಧಾನಕ್ಕೆ ಇಡ್ಲಿ ತಿಂದು, ನಾರಾಯಣಪೇಟೆ ಮುಟ್ಟುವ ಹೊತ್ತಿಗೆ ನಮ್ಮ ಬೀದಿಯ ದೊಡ್ಡ ಕೆಲಸ ಮುಗಿದಿರುತ್ತದೆ. ಕಾರಿನಿಂದ ಇಳಿದು, ತಂಪು ಕನ್ನಡಕವನ್ನು ತಲೆಯ ಮೇಲೇರಿಸಿ, ಈ ಜನ ಹೊಟ್ಟೆಗೆ ಏನು ಮಾಡುತ್ತಾರಪ್ಪ ಎಂಬ ಮುಖ ಮಾಡಿಕೊಂಡು ಸುತ್ತ ನೋಡುತ್ತಾರೆ. ವರ್ಷಗಟ್ಟಲೆ ಇಂಥವರ ಬೆನ್ನಿಗೆ ಪೆನ್ನು ಹಿಡಿದು ತಿರುಗಿದ್ದೇನೆ. ಗೌರವ ಹುಟ್ಟಲಿ ಎಂದು ಕಾದದ್ದೂ ಉಂಟು. ಹುಟ್ಟಲಿಲ್ಲ.

ರಾಯಚೂರಿನಲ್ಲಿ ಅಚ್ಚಾಗುವ ಒಂದು ಕನ್ನಡ ಪತ್ರಿಕೆಗೆ ನಾನು ನಾರಾಯಣಪೇಟೆ, ಮಕ್ತಲ್ ಕಡೆಯ ಸುದ್ದಿ ಕಳಿಸುತ್ತೇನೆ. ಗಡಿಯ ಈಚೆ, ತೆಲುಗು ಸೀಮೆಯಲ್ಲಿ, ಕನ್ನಡ ಪತ್ರಿಕೆ ಯಾರು ಓದುತ್ತಾರೆಂದು ಕೇಳಬೇಡಿ. ಆಚಾರ್ಯರ ಮನೆಗಳಲ್ಲಿ ಓದುತ್ತಾರೆ, ಕಿರಾಣಿ ಅಂಗಡಿಯ ಸಾವಕಾರರು ಓದುತ್ತಾರೆ, ಓದಿದ ಮೇಲೆ ಅದೇ ಹಾಳೆಯಲ್ಲಿ ಶೇಂಗಾ ಕಟ್ಟಿಕೊಡುತ್ತಾರೆ. ಸುದ್ದಿ ಎಂದರೆ ಈಗೀಗ ಹೆಚ್ಚು ಪಾಲು ಅಭಿವೃದ್ಧಿಯದೇ. ಸುಸ್ಥಿರ ಬೆಳವಣಿಗೆ, ಸಮಗ್ರ ಯೋಜನೆ, ಜನರ ಸಹಭಾಗಿತ್ವ. ಎಷ್ಟು ಸಲ ಬರೆದಿದ್ದೇನೆಂದರೆ ಈ ಮಾತುಗಳನ್ನು ಕೈ ತಾನೇ ಬರೆದುಕೊಳ್ಳುತ್ತದೆ, ತಲೆ ಊಟದ ಬಗ್ಗೆ ಯೋಚಿಸುತ್ತಿರುತ್ತದೆ.

ನಮ್ಮದು ನೇಕಾರರ ಬೀದಿ. ನಾನು ಮಗ್ಗ ಬಿಟ್ಟವನು, ಎದುರಿಗೆ ಅವ್ವನ ಹಳೆ ಮನೆಯಲ್ಲಿರುವ ನನ್ನ ಅಕ್ಕ ಬಿಡದವಳು. ಗಂಡ ತೀರಿಕೊಂಡ ಮೇಲೆ, ಮಗಳನ್ನು ಗದ್ವಾಲಿಗೆ ಮದುವೆ ಮಾಡಿಕೊಟ್ಟ ಮೇಲೆ, ಅವಳಿಗೆ ಉಳಿದದ್ದು ಆ ಮಗ್ಗ ಮತ್ತು ಒಂದು ಕೆಟ್ಟ ನಾಲಿಗೆ. ಎರಡನ್ನೂ ಚೆನ್ನಾಗಿ ಬಳಸುತ್ತಿದ್ದಳು. ಪಕ್ಕದವರ ಸೀರೆಯ ಅಂಚು ನೋಡಿ, ಇದನ್ನು ಉಟ್ಟವಳು ಮದುವೆ ಮನೆಗೆ ಹಿಂದಿನ ಬಾಗಿಲಿಂದ ಹೋಗಬೇಕು ಎಂದು ಅವರ ಎದುರಿಗೇ ಹೇಳುವ ಪೈಕಿ.

ಸೀರೆಯ ಉದ್ದಕ್ಕೆ ಓಡುವ ಎಳೆಗಳಿಗೆ ಹಾಸು ಅನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಅದಕ್ಕೆ ಗಂಜಿ ಕುಡಿಸಬೇಕು, ಗಂಜಿ ಕುಡಿಸಲು ಅದನ್ನು ಪೂರ್ತಿ ಉದ್ದಕ್ಕೆ ಬಿಚ್ಚಿ ಎಳೆದು ಕಟ್ಟಬೇಕು. ಅಷ್ಟು ಉದ್ದದ ಮನೆ ನಮ್ಮಲ್ಲಿ ಯಾರಿಗಿದೆ? ಹಾಗಾಗಿ ನಸುಕಿನಲ್ಲಿ ಬೀದಿಯ ನಟ್ಟನಡುವೆ ಬಿದಿರಿನ ಕತ್ತರಿಗಾಲು ನಿಲ್ಲಿಸಿ, ಅದರ ಮೇಲೆ ನೂಲು ಹಾಸಿ, ಎರಡು ಬದಿಗೂ ಜನ ನಿಂತು ಗಂಜಿ ಸವರಿ ಕುಂಚದಿಂದ ಬಾಚುತ್ತಾರೆ. ಬಿಸಿಲು ಚುರುಕಾದರೆ ಎಳೆ ಒಣಗಿ ತುಂಡಾಗುತ್ತದೆ, ಅಷ್ಟರೊಳಗೆ ಸುತ್ತಿ ಒಳಗೆ ಒಯ್ಯಬೇಕು. ಆ ಹೊತ್ತಿನಲ್ಲಿ ಬೈಕಿನವರು ಹಿಂದಿನ ಓಣಿಯಿಂದ ಹೋಗುತ್ತಾರೆ, ಹಾಲಿನವನು ಬಗ್ಗಿ ನೂಲಿನ ಕೆಳಗೆ ನುಸುಳುತ್ತಾನೆ. ಇವತ್ತು ಒಬ್ಬರ ಹಾಸಾದರೆ ನಾಳೆ ಇನ್ನೊಬ್ಬರದು, ಕೈಗೆ ಕೈ ಕೊಡಲು ಎಲ್ಲರೂ ಬರುತ್ತಾರೆ. ಅಕ್ಕನ ನಾಲಿಗೆಯಿಂದ ಹಿಂದಿನ ದಿನ ಬೈಸಿಕೊಂಡವರೂ ಬರುತ್ತಿದ್ದರು.

ಗಂಜಿಯಾದ ಸಿದ್ಧ ಹಾಸನ್ನು ವ್ಯಾಪಾರಿ ಕೊಡುತ್ತಾನೆ. ಅದನ್ನು ತಂದರೆ ಬಣ್ಣ ಅವನದು, ಅಂಚು ಅವನದು, ನೇಯ್ದ ಸೀರೆಯೂ ಅವನಿಗೇ. ನಿಮ್ಮದು ಕೈ ಮಾತ್ರ. ಬೀದಿಯಲ್ಲಿ ಹಲವರು ಆ ದಾರಿ ಹಿಡಿದರು. ಅಕ್ಕ ಹಿಡಿಯಲಿಲ್ಲ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಕೂರಬೇಕು ಎಂದು ತಾನು ಹೇಳಬೇಕು, ಇನ್ನೊಬ್ಬ ಹೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ಬೀದಿ ಇರುವ ತನಕ ಅವಳು ತನ್ನ ಮಗ್ಗಕ್ಕೆ ತಾನೇ ಒಡತಿ.

ಇಂಥ ಬೀದಿಯ ಮೇಲೆ ಯೋಜನೆಯವರ ಕಣ್ಣು ಬಿತ್ತು. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಮೂರನ್ನೂ ಸೇರಿಸಿ ಒಂದು ಅಭಿವೃದ್ಧಿ ತ್ರಿಕೋನ ಮಾಡುತ್ತಾರಂತೆ. ಅದರಲ್ಲಿ ನಮ್ಮ ಬೀದಿ ಪಾರಂಪರಿಕ ಬೀದಿ. ನೋಡಲು ತಂಡ ಬರುತ್ತದೆ ಎಂದು ಕಚೇರಿಯಿಂದ ಹೇಳಿಕಳಿಸಿದ್ದು ನಮ್ಮ ಬೀದಿಯ ಹಿರಿಯನಿಗೆ. ಈತ ಒಂದು ಕಚೇರಿಯಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಜೀವಮಾನವಿಡೀ ಸಾಹೇಬರಿಗೆ ಬಾಗಿಲು ತೆಗೆದು, ಈಗಲೂ ಟಿವಿಯಲ್ಲಿ ಕಲೆಕ್ಟರ್ ಕಾಣಿಸಿದರೆ ಕಾಲು ಮಡಚಿ ಕೂರುತ್ತಾನೆ. ಆತ ಮನೆಮನೆಗೆ ಹೋಗಿ, ಆ ದಿನ ಯಾರೂ ಹಾಸು ಹಾಕಬಾರದು, ಬೀದಿ ಖಾಲಿ ಇರಬೇಕು, ಸೆಗಣಿ ಸಾರಿಸಿ ರಂಗೋಲಿ ಹಾಕಬೇಕು ಎಂದು ಅಪ್ಪಣೆ ಮಾಡಿದ. ಗಂಜಿಯ ಗಡಿಗೆ, ಕತ್ತರಿಗಾಲು ಎಲ್ಲ ಹಿತ್ತಲಿಗೆ. ದೊಡ್ಡವರು ಬರುವಾಗ ಮನೆಯ ಕೆಲಸ ಎದುರಿಗೆ ಹರಡಿಕೊಂಡು ಕೂರುತ್ತಾರೇನು?

ಅಂದು ಅಕ್ಕನ ಸರದಿ ಇತ್ತು. ನೂಲಿಗೆ ಬಣ್ಣ ಹಾಕಿ ಒಣಗಿಸಿ ಇಟ್ಟಿದ್ದಳು. ಗೊಣಗುತ್ತಲೇ ಒಳಗಿಟ್ಟಳು. ಮಾತಿಗೆ ಹೆದರದವಳು ಕೂಡ ಅತಿಥಿ ಎಂಬ ಶಬ್ದಕ್ಕೆ ಸೋಲುತ್ತಾಳೆ. ನಮ್ಮ ಜನರ ಈ ಮರ್ಯಾದೆಯ ರೋಗಕ್ಕೆ ಔಷಧಿ ಇಲ್ಲ.

ಆ ದಿನ ನಾನು ಊರಲ್ಲಿರಲಿಲ್ಲ. ಮಕ್ತಲಿನಲ್ಲಿ ಅದೇ ತ್ರಿಕೋನದ ಇನ್ನೊಂದು ಸಭೆ. ಮದುವೆ ಮಂಟಪದಲ್ಲಿ, ಹಿಂದಿನ ದಿನದ ಮದುವೆಯ ಹೂವು ಇನ್ನೂ ಕಂಬಕ್ಕೆ ಅಂಟಿಕೊಂಡಿದ್ದಾಗ, ಒಬ್ಬ ಮಹಾಶಯ ಪರದೆಯ ಮೇಲೆ ಮೂರು ಚುಕ್ಕೆ ತೋರಿಸಿ ಗೆರೆ ಎಳೆದ. ಎಳೆದ ಗೆರೆಯೇ ಅಭಿವೃದ್ಧಿ ಎಂಬ ಹಾಗೆ ಜನ ತಲೆದೂಗಿದರು. ಪ್ಲಾಸ್ಟಿಕ್ ಬಿಡಬೇಕೆಂದು ಭಾಷಣ ಮಾಡುತ್ತಾ ಪ್ಲಾಸ್ಟಿಕ್ ಬಾಟಲಿಯ ನೀರು ಕುಡಿದರು. ಅತಿಥಿಗಳಿಗೆ ಕೊಟ್ಟ ಸಸಿಗಳನ್ನು ಅತಿಥಿಗಳು ಕುರ್ಚಿಯ ಮೇಲೇ ಬಿಟ್ಟುಹೋದರು. ಗಟ್ಟು ಎಂಬ ಊರಿನ ಕಡೆಯ ಒಬ್ಬ ರೈತ ಎದ್ದು ತಮ್ಮ ಊರಿಗೆ ಏನಿದೆ ಎಂದು ಕೇಳಿದ್ದಕ್ಕೆ, ಎರಡನೆಯ ಹಂತದಲ್ಲಿ ನೋಡೋಣ ಎಂಬ ಉತ್ತರ ಬಂತು. ಮಂಟಪದ ಎದುರಿಗೇ, ನೆರಳಿಲ್ಲದ ಜಾಗದಲ್ಲಿ, ಮಾಗನೂರಿನ ಕೂಲಿಯವರು ಗಂಟುಮೂಟೆಯ ಮೇಲೆ ಕೂತು ದೂರದ ಊರಿನ ಬಸ್ಸಿಗೆ ಕಾಯುತ್ತಿದ್ದರು. ಅವರು ಯಾವ ಚುಕ್ಕೆಗೆ ಸೇರಿದವರೆಂದು ಯಾರೂ ಹೇಳಲಿಲ್ಲ. ನಾನು ಎಲ್ಲವನ್ನೂ ಯಶಸ್ವಿ ಸಭೆ ಎಂದು ಬರೆದು ಕಳಿಸಿದೆ. ಪತ್ರಿಕೆಗೆ ಬೇಕಾದದ್ದು ಅದೇ.

ಸಂಜೆ ಮನೆಗೆ ಬಂದಾಗ ಅಕ್ಕ ತಂಡದ ಭೇಟಿಯನ್ನು ಅಭಿನಯಿಸಿ ತೋರಿಸಿದಳು. ಒಬ್ಬ ಆಕಾಶಕ್ಕೆ ಡ್ರೋನ್ ಹಾರಿಸಿದನಂತೆ, ಎಲ್ಲರ ಕೋಳಿಗಳು ಹೆದರಿ ಓಡಿದವಂತೆ. ಒಬ್ಬಳು ರಂಗೋಲಿಯ ಫೋಟೋ ತೆಗೆದುಕೊಂಡು, ತುಳಿಯದೆ ದಾಟಿ ಹೋದಳಂತೆ; ಅದೊಂದು ಮಾತ್ರ ಅಕ್ಕನಿಗೆ ಮೆಚ್ಚುಗೆಯಾಗಿತ್ತು. ಕೊನೆಗೆ ತಂಡದ ಮುಖ್ಯಸ್ಥ, ಈ ಬೀದಿಯನ್ನು ನೀವು ಯಾವುದಕ್ಕೆ ಉಪಯೋಗಿಸುತ್ತೀರಿ ಎಂದು ಕೇಳಿದ. ಹಿರಿಯ ಕೈಕಟ್ಟಿ ನಿಂತು ತೆಲುಗಿನಲ್ಲಿ ಕೊಟ್ಟ ಉತ್ತರವನ್ನು ಅಕ್ಕ ಅವನದೇ ದನಿ ಮಾಡಿ ನಮ್ಮ ಕನ್ನಡದಲ್ಲಿ ಹೇಳಿದಳು:

"ಏನಿಲ್ಲ ಸಾಹೇಬ್ರ, ಖಾಲಿನ ಇರ್ತೈತ್ರಿ."

ಯಾಕೆ ಹಾಗಂದೆ ಎಂದು ಆಮೇಲೆ ಹಿರಿಯನ ಮನೆಗೇ ಹೋಗಿ ಕೇಳಿದೆ. ಸರಕಾರಿ ರಸ್ತೆಯ ಮೇಲೆ ನೂಲು ಹಾಸುತ್ತೇವೆ ಎಂದರೆ ದಂಡ ಹಾಕಿಯಾರು ಎಂಬ ಹೆದರಿಕೆಯಂತೆ. ಮೇಲಾಗಿ ಬಂದವರ ಮುಂದೆ ನಮ್ಮ ಅಡಚಣೆ ಹೇಳಿಕೊಳ್ಳುವುದು ಚೆನ್ನಲ್ಲವಂತೆ. ತಾನು ಊರನ್ನೇ ಉಳಿಸಿದೆ ಎಂಬ ಹೆಮ್ಮೆ ಅವನ ಮುಖದಲ್ಲಿತ್ತು. ಅವನ ಹೆಂಡತಿ ನನಗೆ ಚಹಾ ಕೊಟ್ಟಳು. ಕುಡಿಯಲು ಮನಸ್ಸಾಗಲಿಲ್ಲ.

ಕೆಲವು ತಿಂಗಳ ನಂತರ ಯೋಜನೆಯ ಚಿತ್ರಗಳು ಬಂದವು. ಸಭಾಭವನದ ಗೋಡೆಗೆ ಆಳೆತ್ತರದ ಹಲಗೆಗಳು. ನಮ್ಮ ಬೀದಿ ಎಂದು ಕೆಳಗೆ ಬರೆದಿದ್ದರಿಂದ ನಮ್ಮ ಬೀದಿ ಎಂದು ತಿಳಿಯಿತು. ನಡುವೆ ಉದ್ದಕ್ಕೂ ಸಿಮೆಂಟಿನ ಹೂಕುಂಡಗಳು, ಕಲ್ಲಿನ ಬೆಂಚುಗಳು, ಅಲಂಕಾರದ ದೀಪದ ಕಂಬಗಳು. ಮಕ್ಕಳು ಬಲೂನು ಹಿಡಿದು ಓಡುತ್ತಿದ್ದರು, ತೆಳ್ಳಗಿನ ಒಬ್ಬ ಹೆಂಗಸು ಬಿಳಿ ನಾಯಿಯನ್ನು ನಡೆಸುತ್ತಿದ್ದಳು. ನಮ್ಮಂಥ ಮುಖದ ಒಂದು ಪ್ರಾಣಿಯೂ ಅದರಲ್ಲಿರಲಿಲ್ಲ. ಬೀದಿಯ ಕೊನೆಗೆ ಮಗ್ಗದ ಮುಂದೆ ಕೂತ ನೇಕಾರನ ಸಿಮೆಂಟಿನ ಮೂರ್ತಿ. ನೇಕಾರಿಕೆಯ ಗೌರವಾರ್ಥ ಮಾಡುವ ಈ ನಡಿಗೆದಾರಿಯಲ್ಲಿ ನೇಯುವವರು ಹಾಸು ಎಲ್ಲಿ ಹಾಕಬೇಕು ಎಂಬುದು ಆ ಹಲಗೆಗಳ ಎದುರಿಗೆ ನಿಂತು ಚಿತ್ರ ಮೆಚ್ಚುತ್ತಿದ್ದ ಯಾರಿಗೂ ಹೊಳೆಯಲಿಲ್ಲ. ಅಕ್ಕನಿಗೆ ಹೊಳೆಯಿತು. ಅವಳ ಮುಖ ಕಪ್ಪಿಟ್ಟಿತು.

ಆಕ್ಷೇಪಣೆ ಇದ್ದವರು ಹೇಳಬಹುದು ಎಂದು ಒಂದು ಸಭೆ ಕರೆದರು. ಹಿರಿಯ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅಕ್ಕ ಎದ್ದು ತೆಲುಗಿನಲ್ಲೇ ಶುರುಮಾಡಿದಳು. ಬೀದಿಯ ನಡುವೆ ಕುಂಡ ಕೂರಿಸಿದರೆ ಹಾಸು ಹಾಕಲಾಗದು, ಹಾಸಿಲ್ಲದೆ ತನ್ನ ಮಗ್ಗ ನಡೆಯದು ಎಂದಳು. ಮುಖ್ಯಸ್ಥ ಕಾಗದ ತಿರುವಿ, ನಾವು ಬಂದಾಗ ಅಂಥದ್ದೇನೂ ಕಾಣಲಿಲ್ಲ, ನಿಮ್ಮವರನ್ನು ಕೇಳಿಯೇ ಯೋಜನೆ ಮಾಡಿದ್ದೇವೆ ಎಂದ. ಅಕ್ಕನಿಗೆ ಸಿಟ್ಟು ನೆತ್ತಿಗೇರಿ ತೆಲುಗು ಬಿಟ್ಟುಹೋಯಿತು.

"ನೀವು ಬರ್ತೀರಂತನ ತೆಗೆದಿಟ್ಟಿದ್ದಿವ್ರಿ. ನಿಮಗ ಮರ್ಯಾದಿ ಮಾಡಾಕ."

ಪಕ್ಕದವರು ಅದನ್ನು ಅವನಿಗೆ ತೆಲುಗಿನಲ್ಲಿ ಹೇಳಿದರು. ಅವನು ಸ್ವಲ್ಪ ಯೋಚಿಸಿ, ಸಮಸ್ಯೆ ಬಗೆಹರಿಯಿತೆಂಬ ಸಮಾಧಾನದಲ್ಲಿ ಮುಗುಳ್ನಕ್ಕ. ಹಾಗಾದರೆ ತೆಗೆಯಲು ಆಗುತ್ತದಲ್ಲ ಎಂದ.

ಈ ಮನುಷ್ಯನ ಬಗ್ಗೆ ನಾನು ಬೇರೆ ಏನೂ ಬರೆಯಬೇಕಾಗಿಲ್ಲ. ಊರ ಹೊರಗಿನ ಮೈದಾನದಲ್ಲಿ ಹಾಸು ಹಾಕಿಕೊಳ್ಳಿ ಎಂದೂ ಸಲಹೆ ಕೊಟ್ಟ. ಅಲ್ಲಿ ಲಾರಿಗಳ ಧೂಳು, ತಡೆಯಿಲ್ಲದ ಗಾಳಿ. ಹಸಿ ನೂಲಿನ ಮೇಲೆ ಧೂಳು ಕೂತರೆ ಅದು ಸೀರೆಯಾಗುವುದಿಲ್ಲ, ಗೋಣಿಯಾಗುತ್ತದೆ. ಸಭೆ ಚಪ್ಪಾಳೆಯೊಂದಿಗೆ ಮುಗಿಯಿತು. ಆಕ್ಷೇಪಣೆ ಆಲಿಸಲಾಯಿತು ಎಂದು ನಡಾವಳಿಯಲ್ಲಿ ಬರೆದುಕೊಂಡರು.

ಬೀದಿ ಅಗೆದರು, ಕುಂಡ, ಬೆಂಚು ಕೂರಿಸಿದರು. ಒಂದು ನಸುಕಿನಲ್ಲಿ ಅಕ್ಕ ಕುಂಡಗಳ ಮತ್ತು ಚರಂಡಿಯ ನಡುವಿನ ಸಂದಿಯಲ್ಲಿ ಹಾಸು ಹಾಕಿ ನೋಡಿದಳು. ಒಂದು ಬದಿಗೆ ಮಾತ್ರ ಜನ ನಿಲ್ಲಲು ಜಾಗ. ಬಾಚುವಾಗ ಎಳೆಗಳು ಬೆಂಚಿನ ಒರಟು ಮೂಲೆಗೆ ಸಿಕ್ಕಿ ಹರಿದವು. ಜೋಡಿಸಿದರು, ಮತ್ತೆ ಹರಿದವು. ಅಷ್ಟರಲ್ಲಿ ಬಿಸಿಲು ಬಂತು. ಅಕ್ಕ ಯಾರನ್ನೂ ಬೈಯಲಿಲ್ಲ. ಅವಳು ಬೈಯದೆ ಇದ್ದದ್ದನ್ನು ನಾನು ಮೊದಲ ಸಲ ನೋಡಿದೆ, ಹೆದರಿಕೆಯಾಯಿತು. ಸಹಾಯಕ್ಕೆ ಬಂದಿದ್ದವರು ಒಬ್ಬೊಬ್ಬರಾಗಿ ಮನೆಗೆ ಹೋದರು, ಹಿರಿಯ ಕಿಟಕಿಯಿಂದ ನೋಡುತ್ತಿದ್ದ.

ಈ ಬೀದಿಯಲ್ಲೇ ಎಲ್ಲರ ಕಣ್ಣೆದುರು ವ್ಯಾಪಾರಿಯ ಹಾಸು ತರಲು ಅವಳಿಗೆ ಮನಸ್ಸಿರಲಿಲ್ಲ. ಆಮೇಲೆ ಅವಳು ಗದ್ವಾಲಿನ ಮಗಳಿಗೆ ಫೋನ್ ಮಾಡಿದಳು. ಅಲ್ಲಿ ಒಬ್ಬ ವ್ಯಾಪಾರಿಯ ದೊಡ್ಡ ಶೆಡ್ಡಿನಲ್ಲಿ ಮಗ್ಗಗಳಿವೆ, ಸಿದ್ಧ ಹಾಸು ಕೊಡುತ್ತಾರೆ, ಬಂದು ನೇಯ್ದು ಹೋದರಾಯಿತು ಎಂದಳಂತೆ ಮಗಳು. ತ್ರಿಕೋನದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನನ್ನ ಅಕ್ಕನನ್ನು ಸಾಗಿಸಿದ್ದೇ ಈ ಯೋಜನೆಯ ಸಾಧನೆ. ರಸ್ತೆಗೆ ಬಾಗಿಲಿರುವ ಅವಳ ಕೋಣೆಯನ್ನು ಮೊಬೈಲ್ ರಿಪೇರಿ ಅಂಗಡಿಯವನು ಬಾಡಿಗೆಗೆ ಕೇಳಿದ್ದ. ಅವಳು ಹೂಂ ಅಂದಿದ್ದಳು.

ನಡಿಗೆದಾರಿಯ ಉದ್ಘಾಟನೆಯ ದಿನ ನಾನು ಸುದ್ದಿಗೆಂದು ಬೀದಿಯಲ್ಲಿ ನಿಂತಿದ್ದೆ. ಮುಖ್ಯ ಅತಿಥಿ ಎಂದಿನಂತೆ ತಡ. ಫೋಟೋಗೆ ಚೆನ್ನಾಗಿರಲೆಂದು ಬೆಂಚುಗಳ ಮೇಲೆ ಮುದುಕರನ್ನು ಕೂರಿಸಿದ್ದರು. ಅಕ್ಕನ ಬಾಗಿಲು ಅರೆ ತೆರೆದಿತ್ತು, ಒಳಗೆ ಹೋದೆ.

ಮಗ್ಗ ಬಿಚ್ಚಿ ಗೋಡೆಗೆ ಒರಗಿಸಿದ್ದಳು. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು. ಅವ್ವ ಅದರಲ್ಲೇ ಕಾಲು ಬಿಟ್ಟು ಕೂತು ನಮ್ಮಿಬ್ಬರನ್ನೂ ಸಾಕಿದ್ದಳು. ಗುಂಡಿಯ ಅಂಚಿನ ಮಣ್ಣು ಅವಳ ಮೊಣಕಾಲಿಗೆ ಸವೆದು ನುಣುಪಾಗಿತ್ತು. ಅಕ್ಕ ಅದಕ್ಕೆ ಮಣ್ಣು ತುಂಬುತ್ತಿದ್ದಳು. ಬೀದಿ ಅಗೆದವರು ಅವಳ ಬಾಗಿಲ ಪಕ್ಕದಲ್ಲಿ ಬಿಟ್ಟುಹೋದ ಮಣ್ಣು.

ಇಷ್ಟು ಅವಸರ ಏನಿತ್ತು ಎಂದು ಕೇಳಿದೆ. ಅವಳು ಬುಟ್ಟಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಾರೋ, ಚಪ್ಪಲಿ ಬಿಡು. ನೀ ಭಾರ ಅದಿ, ಇದನ್ನ ತುಳಿ. ನಂಗ ಆಗಂಗಿಲ್ಲ."

ಚಪ್ಪಲಿ ಬಿಟ್ಟು ಗುಂಡಿಗೆ ಇಳಿದೆ. ಮಣ್ಣು ಇನ್ನೂ ಸಡಿಲ, ತಣ್ಣಗಿತ್ತು. ಹೊರಗೆ ಅತಿಥಿ ಬಂದನೆಂದು ಕಾಣುತ್ತದೆ, ಚಪ್ಪಾಳೆ ಕೇಳಿಸಿತು. ನಾನು ಅಳುತ್ತಾ ತುಳಿದೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು, ನೆಲ ಗಟ್ಟಿಯಾಗುವ ತನಕ ತಿರುಗಲಿಲ್ಲ.