ಹಾಡು ತುಂಬಿಸಲು ಕೊಟ್ಟ ಫೋನು

ನಮ್ಮ ಮನೆಗೆ ಮೊದಲು ಬಂದ ಮೊಬೈಲು ಅಕ್ಕನದು. ಅವಳು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಕೆಲಗೇರಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ನಾನು ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕ್ಯಾಮೆರಾ, ಮೆಮೊರಿ ಕಾರ್ಡ್ ಇರುವ ಫೋನೆಂದರೆ ನಮ್ಮ ಓಣಿಯಲ್ಲಿ ಇನ್ನೂ ಹೊಸತೇ.

ಹೆಸರಿಗೆ ಅಕ್ಕನದಾದರೂ ಮನೆಯೊಳಗೆ ಬಂದೊಡನೆ ಅದು ಎಲ್ಲರದೂ ಆಗುತ್ತಿತ್ತು. ಗರಗದ ಸೋದರಮಾವ ಅವ್ವನ ಜೊತೆ ಮಾತಾಡುತ್ತಿದ್ದುದು ಅದರಲ್ಲೇ. ಅಕ್ಕ ಅದಕ್ಕೊಂದು ಲಾಕ್ ಹಾಕಿಟ್ಟಿದ್ದಳು. ತಾಲೂಕು ಕಚೇರಿಯಿಂದ ನಿವೃತ್ತನಾಗಿದ್ದ ಅಪ್ಪನಿಗೆ ಅದು ಸರಿಬರಲಿಲ್ಲ. ನಮ್ಮ ಮನೆಯಲ್ಲಿ ಟ್ರಂಕಿಗೂ ಕೀಲಿ ಇರಲಿಲ್ಲ. ಮನೆಯವರಿಂದ ಮುಚ್ಚಿಡುವಂಥದ್ದು ಏನಿದೆ ಎಂದು ಎರಡು ಮೂರು ಸಲ ಕೇಳಿದ. ಅಕ್ಕ ನಗುತ್ತಿದ್ದಳು. ಲಾಕ್ ಮಾತ್ರ ತೆಗೆಯಲಿಲ್ಲ.

ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತವನು ಎದೆ ಹಿಡಿದುಕೊಂಡು ಹಾಗೇ ಗೋಡೆಗೆ ಒರಗಿದ. ಅಕ್ಕ ಹಿತ್ತಲ ಬಚ್ಚಲಲ್ಲಿದ್ದಳು, ಅವ್ವ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ನಾನು ಕಾಲೇಜಿನಲ್ಲಿದ್ದೆ. ಅವ್ವ ಫೋನು ಕೈಗೆತ್ತಿಕೊಂಡು ಯಾವುದಾವುದೋ ಗುಂಡಿ ಒತ್ತಿದಳಂತೆ, ಅದು ತೆರೆಯಲೇ ಇಲ್ಲ. ಕೊನೆಗೆ ಬೀದಿಗೆ ಓಡಿ ಯಾರನ್ನೋ ಕೂಗಿ ಆಟೋ ತರಿಸಿದಳು. ಅಪ್ಪ ಉಳಿದ. ಆಸ್ಪತ್ರೆಯ ವರಾಂಡದಲ್ಲೇ ಅಕ್ಕ ಲಾಕ್ ತೆಗೆದು ಫೋನನ್ನು ಅವ್ವನ ಕೈಗೆ ಕೊಟ್ಟಳು. ಅಪ್ಪನ ಜೀವಕ್ಕಿಂತ ಆ ಲಾಕ್ ದೊಡ್ಡದೆಂದು ಯಾರು ವಾದಿಸಲು ಸಾಧ್ಯವಿತ್ತು?

ಮನೆಗೆ ಬಂದ ಮೇಲೆ ಅಪ್ಪನಿಗೆ ಬೆಳಿಗ್ಗೆ ಮಲಗಿದಲ್ಲೇ ಭಜನೆ ಕೇಳುವ ಆಸೆಯಾಯಿತು. ಬಸ್ ನಿಲ್ದಾಣದ ಹತ್ತಿರ ಪರಿಚಯದವರ ಮಗನೊಬ್ಬ ಮೊಬೈಲ್ ಅಂಗಡಿ ಇಟ್ಟಿದ್ದ, ಮೆಮೊರಿ ಕಾರ್ಡಿಗೆ ಬೇಕಾದ ಹಾಡು ತುಂಬಿಸಿಕೊಡುತ್ತಿದ್ದ. ಅಕ್ಕ ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದ್ದ ಒಂದು ದಿನ ಅಪ್ಪ ಅವಳ ಫೋನನ್ನು ಅಲ್ಲಿ ಕೊಟ್ಟು, ಕೆರೆಯ ದಂಡೆಯಲ್ಲಿ ಅಡ್ಡಾಡಿಕೊಂಡು ಬಂದು, ಹಾಡು ತುಂಬಿದ ಮೇಲೆ ಇಸಿದುಕೊಂಡ. ಅಂದು ಸಂಜೆ ಅವನ ಮುಖ ಅರಳಿತ್ತು. ಅಕ್ಕನೂ ಖುಷಿಪಟ್ಟಳು.

ಅದೇ ಸುಮಾರಿಗೆ ಅಕ್ಕನ ಮದುವೆ ಗೊತ್ತಾಯಿತು. ಹುಡುಗ ಶಿರಗುಪ್ಪಿ ಕಡೆಯವನು, ಹೈಸ್ಕೂಲ್ ಮಾಸ್ತರ. ಕೆಲಸ ಬಿಡಿಸುವುದಿಲ್ಲ ಎಂದು ಅವರೇ ಮಾತು ಕೊಟ್ಟಿದ್ದರು. ಅಕ್ಕ ಅವನೊಂದಿಗೆ ಫೋನಿನಲ್ಲಿ ಮಾತಾಡುವಾಗ ದನಿ ಇಳಿಸುತ್ತಿದ್ದುದು ನನಗೆ ನೆನಪಿದೆ.

ಒಂದು ದಿನ ಕಾಲೇಜಿನ ಕ್ಯಾಂಟೀನಿನಲ್ಲಿ ನನ್ನ ಗೆಳತಿ, ತನ್ನ ಅಣ್ಣನ ಫೋನಿಗೆ ಬಂದದ್ದೆಂದು ಒಂದು ಫೋಟೋ ತೋರಿಸಿದಳು. ಬ್ಲೂಟೂತಿನಲ್ಲಿ ಎಲ್ಲರ ಹತ್ತಿರವೂ ಓಡಾಡುತ್ತಿದೆ ಎಂದಳು. ಫೋಟೋದ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ‘ಹುಬ್ಬಳ್ಳಿ ನರ್ಸ್’ ಎಂದಿತ್ತು. ಅದರಲ್ಲಿದ್ದವಳು ನನ್ನ ಅಕ್ಕ.

ಆ ಫೋಟೋದಲ್ಲಿ ಏನೂ ಇರಲಿಲ್ಲ. ನರ್ಸುಗಳ ಹಾಸ್ಟೆಲಿನಲ್ಲಿ ಅಕ್ಕನ ಗೆಳತಿಯೊಬ್ಬಳ ಕೋಣೆ. ತಲೆಸ್ನಾನ ಮಾಡಿ ಕೂದಲು ಬಿಟ್ಟುಕೊಂಡು, ಆ ಗೆಳತಿಯ ನೈಟಿ ತೊಟ್ಟು, ಮಂಚದ ಮೇಲೆ ಕಾಲು ಮಡಚಿ ಕೂತು ಅಕ್ಕ ಮಾವಿನ ಹಣ್ಣು ತಿನ್ನುತ್ತಿದ್ದಾಳೆ. ರಸ ಮೊಣಕೈವರೆಗೆ ಇಳಿದಿದೆ. ಬಾಯಿ ತುಂಬ ನಗು. ಅಷ್ಟೇ. ಆದರೆ ಆ ಹೆಸರು ಅಂಟಿಸಿ ಗಂಡಸರ ಕೈಯಿಂದ ಕೈಗೆ ದಾಟಿಸಿದ್ದರಿಂದ ಅದು ಬೇರೆಯದೇ ಆಗಿಬಿಟ್ಟಿತ್ತು. ನೋಡಿದವರು ಇಲ್ಲದ್ದನ್ನೆಲ್ಲ ಅದರಲ್ಲಿ ಕಾಣುತ್ತಿದ್ದರು. ಕ್ಲಾಸಿಗೆ ಹೋಗದೆ ಮನೆಗೆ ಬಂದೆ.

ಅಕ್ಕನಿಗೆ ಅಷ್ಟರಲ್ಲೇ ಗೊತ್ತಾಗಿತ್ತು. ವಾರ್ಡಿನಲ್ಲಿ ರೋಗಿಗಳ ಕಡೆಯವರು ಅವಳನ್ನು ನೋಡಿ ಫೋನು ತೆಗೆದು ತಾಳೆ ಹಾಕುತ್ತಿದ್ದರಂತೆ. ಆಸ್ಪತ್ರೆಯವರು ಅವಳನ್ನು ವಾರ್ಡಿನಿಂದ ತೆಗೆದು ಬಟ್ಟೆ, ಹಾಸಿಗೆ ಇಡುವ ಸ್ಟೋರಿಗೆ ಹಾಕಿದರು. ಆ ವಾರವೇ ಶಿರಗುಪ್ಪಿಯಿಂದ ಮಧ್ಯಸ್ಥರು ಬಂದರು. ಚಹಾ ಮುಟ್ಟದೆ ಕೂತು, ಹುಡುಗನ ಮನೆಯವರು ಸದ್ಯಕ್ಕೆ ಮದುವೆ ಬೇಡ ಅನ್ನುತ್ತಿದ್ದಾರೆಂದು ಹೇಳಿ ಎದ್ದರು. ಕಾರಣ ಏನೆಂದು ಅಪ್ಪ ಬಿಡದೆ ಕೇಳಿದಾಗ ತಮ್ಮ ಫೋನಿನಲ್ಲೇ ತೋರಿಸಿದರು.

ಅವರು ಹೋದ ಮೇಲೆ ಅಪ್ಪ ಅಕ್ಕನನ್ನು ಎದುರಿಗೆ ನಿಲ್ಲಿಸಿಕೊಂಡ.

“ಯಾರಿಗೆ ಕೊಟ್ಟಿದ್ದಿ ಇದನ್ನ?”

“ಯಾರಿಗೂ ಕೊಟ್ಟಿಲ್ಲಪ್ಪಾ.”

“ನಿನ್ನ ಫೋನ್‌ನ್ಯಾಗಿಂದು ತಾನ ನಡಕೋತ ಹೋತೇನು?”

ಅಕ್ಕ ಮುಟ್ಟದೆ ಉಳಿದ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅದನ್ನು ಅಪ್ಪ ತಪ್ಪೊಪ್ಪಿಗೆ ಎಂದೇ ತಿಳಿದ. ಪೊಲೀಸರಿಗೆ ಹೇಳೋಣವೆಂದು ನಾನು ಅಂದರೆ, ಉಳಿದ ಮಾನವೂ ಹೋಗುತ್ತದೆ ಎಂದು ಬಿಡಲಿಲ್ಲ.

ಮರುದಿನ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ಅಕ್ಕ ನನಗೆ ಹೇಳಿದಳು: ಫೋಟೋ ತೆಗೆದದ್ದು ಅವಳ ಫೋನಿನಲ್ಲೇ, ಯಾರಿಗೂ ಕಳಿಸಿಲ್ಲ, ಆ ಅಂಗಡಿಗೆ ಹೋದ ದಿನ ಬಿಟ್ಟರೆ ಫೋನು ಹೊರಗಿನವರ ಕೈಗೆ ಸಿಕ್ಕಿಲ್ಲ. ನಾನು ನೇರ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಮೊದಲು ಇಲ್ಲವೆಂದ. ನಾನು ಕೂಗಾಡತೊಡಗಿದಾಗ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ. ಹಾಡು ತುಂಬಿಸಲು ಬಂದ ಕಾರ್ಡುಗಳಲ್ಲಿದ್ದುದೆಲ್ಲ ಅದರೊಳಗಿತ್ತು. ಯಾರದೋ ಸೀಮಂತ, ಯಾರದೋ ಕೂಸು, ಆಸ್ಪತ್ರೆಯ ಮಂಚದ ಮೇಲೆ ಯಾರದೋ ಮುದುಕ ತಂದೆ.

“ಕಾರ್ಡ್ ಕೆಟ್ಟರ ಇರಲಿ ಅಂತ ಕಾಪಿ ಇಡತೇನ್ರಿ. ಇಲ್ಲೆ ನಾಕ್ ಮಂದಿ ಬಂದು ಕುಂದರತಾರ. ಯಾರ್ ಒಯ್ದ್ರೋ ನನಗೇನ್ ಗೊತ್ತರಿ?”

ನನ್ನೆದುರೇ ಅಕ್ಕನ ಫೋಟೋ ಅಳಿಸಿದ. ಅಳಿಸಿದರೇನು, ಅದು ಆಗಲೇ ಊರಿನ ಎಷ್ಟೋ ಜೇಬುಗಳಲ್ಲಿತ್ತು.

ಮನೆಗೆ ಬಂದವಳೇ ಅಪ್ಪನಿಗೆ ಎಲ್ಲ ಹೇಳಿಬಿಡಲು ಹೊರಟೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನನ್ನ ತೋಳು ಹಿಡಿದಳು.

“ಹೇಳಬ್ಯಾಡ. ತನ್ನ ಕೈಲೆ ಒಯ್ದು ಕೊಟ್ಟೇನಿ ಅಂತ ತಿಳದ್ರ ಅಪ್ಪಗ ತಡ್ಕೊಳ್ಳಾಕ ಆಗಂಗಿಲ್ಲ. ಅವನ ಎದಿ ಹೆಂಗೈತಿ ಅಂತ ನಾ ಬಲ್ಲೆ.”

“ಮತ್ತ ನಿನ್ನ ಗತಿ?”

“ನಂದು ಆಗಿ ಹೋತಲ್ಲ.”

ಅಪ್ಪ ಅದಾದ ಮೇಲೆ ಎರಡು ವರ್ಷದಷ್ಟು ಬದುಕಿದ. ಅವನ ಬಿ.ಪಿ. ನೋಡಿದವಳು, ಗುಳಿಗೆ ಕೊಟ್ಟವಳು, ಕೊನೆಕೊನೆಗೆ ಮೈ ಒರೆಸಿದವಳು ಅಕ್ಕ. ಅವಳ ಕೈಯಿಂದ ನೀರು ಇಸಿದುಕೊಂಡು ಕುಡಿಯುತ್ತಿದ್ದ, ಮಾತು ಮಾತ್ರ ಆಡುತ್ತಿರಲಿಲ್ಲ. ಏನಾದರೂ ಬೇಕಾದರೆ ಅವಳು ಪಕ್ಕದಲ್ಲಿದ್ದರೂ ನನ್ನನ್ನೇ ಕೂಗುತ್ತಿದ್ದ. ಎಷ್ಟೋ ಸಲ ನಿಜ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು, ನಾನು ನುಂಗಿಕೊಳ್ಳುತ್ತಿದ್ದೆ. ಮಗಳು ಮನೆಯ ಮಾನ ಕಳೆದಳೆಂದು ನಂಬಿಕೊಂಡೇ ಅಪ್ಪ ಸತ್ತ.

ದಿನಕರ್ಮಗಳು ಮುಗಿದ ಮೇಲೆ ನಾನು ಅವ್ವನಿಗೆ ಹೇಳಿದೆ. ಅವಳು, ಅವರಿಗೆ ಹೇಳಬೇಕಿತ್ತು, ಸಾಯುವ ಮುಂಚೆ ಮಗಳ ತಲೆಯ ಮೇಲೊಮ್ಮೆ ಕೈ ಇಡುತ್ತಿದ್ದರು ಎಂದಳು. ಅಕ್ಕ ಒಳಗಿನ ಕೋಣೆಯಲ್ಲಿ ಡ್ಯೂಟಿಯ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಅವ್ವನ ಮಾತು ಕೇಳಿಸಿತೆಂದು ನನಗೆ ಗೊತ್ತು, ಯಾಕೆಂದರೆ ಬಾಗಿಲಲ್ಲಿ ಕಾಣುತ್ತಿದ್ದ ಅವಳ ಕೈ ನಿಂತಿತ್ತು. ಸೀರೆ ಸುಟ್ಟ ವಾಸನೆ ನಡುಮನೆಗೆ ಬಂದಾಗ ನಾನೇ ಎದ್ದು ಹೋಗಿ ಸ್ವಿಚ್ ಆರಿಸಿದೆ.